ಕೌಬಾಯ್ ಹಾಡಿಗೆ ಅತ್ತೆ ಇಟ್ಟ ಬೊಟ್ಟು

ಗ್ರಾಮಫೋನ್ ರೆಕಾರ್ಡಿನ ಮೇಲೆ ಅರಿಶಿನ-ಕುಂಕುಮದ ಬೊಟ್ಟು!

ಅದು ನಮ್ಮದಲ್ಲ. ಅಮೆರಿಕದ ಯೂನಿಯನ್ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯ ವಾಲ್ಟ್ ಅಂಕಲ್ ಅವರದು.

ಅವರ ಅಪ್ಪ ಹಳೇ ಕಾಲದ ಹಾಡುವ ಕೌಬಾಯ್. ಕುದುರೆ, ಗಿಟಾರು, ದೊಡ್ಡ ಟೋಪಿಯ ಆ ಸಿನಿಮಾಗಳಲ್ಲಿ ಹೀರೋ ಹಿಂದೆ ನಿಂತು ದನಿಗೂಡಿಸುತ್ತಿದ್ದರಂತೆ. ತಾವೊಬ್ಬರೇ ಹಾಡಿದ್ದು ಇದೊಂದೇ ರೆಕಾರ್ಡು, ದನ ಕಾಯುವವರ ಜನಪದ ಹಾಡು. ಉಳಿದಿರುವ ಪ್ರತಿಯೂ ಇದೊಂದೇ.

ನನ್ನ ಗಂಡ ಗಿರೀಶನಿಗೆ ಹಳೇ ರೆಕಾರ್ಡುಗಳ ಹುಚ್ಚು. ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆಂದು ತಾನೇ ಮೈಮೇಲೆ ಹಾಕಿಕೊಂಡಿದ್ದ.

ಅವತ್ತು ಮಧ್ಯಾಹ್ನ ಅಂಕಲ್ ತಮ್ಮ ಅಕ್ಕ ಡೋರಾರನ್ನು ಬೆರ್ರಿಯೆಸಾದ ವೃದ್ಧರ ಕೇರ್ ಹೋಮಿನಿಂದ ನಮ್ಮ ಮನೆಗೆ ಕರೆತರುವವರಿದ್ದರು. ಆಕೆಗೆ ಮರೆವಿನ ಕಾಯಿಲೆ, ತಮ್ಮನ ಗುರುತೇ ಸಿಗುವುದಿಲ್ಲ. ಅಪ್ಪನ ದನಿಯಾದರೂ ಗುರುತು ಸಿಕ್ಕೀತು ಎಂಬ ಆಸೆ ಅವರಿಗೆ.

ಆದರೆ ಅವತ್ತೇ ಆಯುಧಪೂಜೆ! ಮಂಡ್ಯದಿಂದ ಬಂದಿರುವ ನಮ್ಮತ್ತೆ ಕಾರು, ಲ್ಯಾಪ್‌ಟಾಪು, ಮಿಕ್ಸಿ ಮುಗಿಸಿ ರೆಕಾರ್ಡ್ ಪ್ಲೇಯರಿನ ಹತ್ತಿರ ಬಂದಿದ್ದಾರೆ. ಮೇಲಿದ್ದ ರೆಕಾರ್ಡೂ ಮೆಷೀನಿನ ಭಾಗವೇ ಅಂದುಕೊಂಡಿದ್ದಾರೆ.

"ಎಲ್ಲಕ್ಕೂ ಮಡಗ್ಬುಟ್ಟು ಅದೊಂದನ್ನ ಬಿಟ್ಬುಡಕಾಯ್ತದೇನವ್ವ?"

ನಾನು ಹತ್ತಿ ಹುಡುಕಿಕೊಂಡು ಓಡಿದೆ.

ಫೋನ್ ಒರೆಸುವ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಇನ್ನೇನು ಒರೆಸಬೇಕು, ಗಿರೀಶ ಓಡಿಬಂದು ಕೈ ಹಿಡಿದ. ಈ ಹಳೇ ರೆಕಾರ್ಡುಗಳನ್ನು ಅರಗಿನಿಂದ ಮಾಡುತ್ತಿದ್ದರಂತೆ, ಸ್ಪಿರಿಟ್ ತಾಗಿದರೆ ಕರಗಿಯೇ ಹೋಗುತ್ತದಂತೆ.

ನೀರು, ಮೆತ್ತನೆ ಬ್ರಷ್ಷು. ಎಷ್ಟು ಉಜ್ಜಿದರೂ ಗೆರೆಗಳ ಆಳದಲ್ಲಿ ಸ್ವಲ್ಪ ಕೆಂಪು ಉಳಿದೇಬಿಟ್ಟಿತು. ಅಷ್ಟರಲ್ಲಿ ಬೆಲ್ಲು.

ಡೋರಾರ ಕೈಹಿಡಿದು ನಿಂತಿದ್ದ ಅಂಕಲ್‌ಗೆ ಬಾಗಿಲಲ್ಲೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ರೆಕಾರ್ಡು ನೋಡಿ, ಹಾಕಿ ಎಂದರು. ಬೈದಿದ್ದರೇ ವಾಸಿಯಿತ್ತು.

ಕರಕರ ಸದ್ದು. ಆಮೇಲೆ ಗಿಟಾರು. ಆಮೇಲೆ ಒಬ್ಬ ಚಿಕ್ಕ ವಯಸ್ಸಿನ ಗಂಡಸಿನ ದನಿ.

ಡೋರಾ ಕಿಟಕಿ ಕಡೆ ನೋಡುತ್ತಾ ಕೂತಿದ್ದಾರೆ. ಮುಖದಲ್ಲಿ ಏನೂ ಇಲ್ಲ. ಪ್ಲೇಯರಿನ ಮುಳ್ಳು ಬೊಟ್ಟಿನ ಜಾಗಕ್ಕೆ ಹತ್ತಿರ ಹತ್ತಿರ ಹೋಗುತ್ತಿದೆ.

ಮುಳ್ಳು ಹಾರಿತು. ಒಂದು ಇಡೀ ಸಾಲು ಮಾಯ.

ಆಗ ಡೋರಾ ಬಾಯ್ತೆರೆದು ಆ ಸಾಲನ್ನು ಹಾಡಿದರು. ಸಣ್ಣ ಮಗುವಿನ ಹಾಗೆ, ಒಂದು ಪದವೂ ತಪ್ಪದೆ. ಆಮೇಲೆ "ಡ್ಯಾಡಿ" ಎಂದರು. ಅಂಕಲ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನಂತೂ ಅತ್ತೇಬಿಟ್ಟೆ.

ಹಾಡು ಇಳಿಸಿಕೊಳ್ಳಲು ಪ್ಲೇಯರಿನ ವೈರು ನೇರ ಕಂಪ್ಯೂಟರಿಗೆ ಹೋಗಿತ್ತು, ಕೋಣೆಯ ಸದ್ದು ಅದರಲ್ಲಿ ಸೇರುವುದಿಲ್ಲ. ಅಂದರೆ ಡೋರಾರ ದನಿ ಫೈಲಿನಲ್ಲಿಲ್ಲ. ಗಿರೀಶ ಫೋನ್ ಹಿಡಿದು, ಆ ಸಾಲು ಇನ್ನೊಮ್ಮೆ ಹಾಡ್ತೀರಾ ಎಂದು ಕೇಳಿದ.

ಆಕೆ ನಮ್ಮನ್ನೆಲ್ಲ ನೋಡಿ, ಯಾವ ಸಾಲು ಎಂದರು. ಒಮ್ಮೆ ಕೇಳಿದ್ದು ನಮಗ್ಯಾರಿಗೂ ನೆನಪಿಲ್ಲ, ಅಂಕಲ್‌ಗೂ ಆ ಸಾಲು ಬರುವುದಿಲ್ಲ.

ಅತ್ತೆಗೆ ಇಂಗ್ಲಿಷ್ ಬಾರದು, ತಮ್ಮ ಬೊಟ್ಟಿನಿಂದ ಒಂದು ಸಾಲೇ ಹೋಯಿತೆಂಬುದು ಗೊತ್ತಿಲ್ಲ. ಡೋರಾ ಹಾಡಿದ್ದಷ್ಟೇ ಅವರು ನೋಡಿದ್ದು. ಪೂಜೆ ಮಾಡಿದ್ದಕ್ಕೇ ಆ ಅಜ್ಜಿಗೆ ಹಾಡು ಬಂತು ಎಂದು ಊರಿಗೆಲ್ಲ ಫೋನ್ ಮಾಡಿ ಹೇಳುತ್ತಿದ್ದಾರೆ.

ನೀವಾಗಿದ್ದರೆ ಅವರಿಗೆ ನಿಜ ಹೇಳುತ್ತಿದ್ದಿರಾ?