ಯುವರಾಜನಿಗೆ ಎಲ್ಲ ವಾದ್ಯವೂ ಬರುತ್ತಿತ್ತು

ಉತ್ತರಹಳ್ಳಿಯಲ್ಲಿ ನಮ್ಮದು ಹಾಸಿಗೆ ಅಂಗಡಿ. ಹಿಂದಿನ ಗೋಡೌನಿನ ಗೋಡೆಗೆಲ್ಲ ಹಾಸಿಗೆ ಒರಗಿಸಿಟ್ಟಿರುವುದರಿಂದ ಒಳಗೆ ಎಷ್ಟು ಕಿರುಚಿದರೂ ಬೀದಿಗೆ ಕೇಳುವುದಿಲ್ಲ. ಬನಶಂಕರಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಗಿರಿನಗರದ ಯುವರಾಜ ದಿಂಬು ಕೊಳ್ಳಲು ಬಂದವನು ದಿಂಬು ಬಿಟ್ಟು ತನ್ನ ಬ್ಯಾಂಡಿನ ಅಭ್ಯಾಸಕ್ಕೆ ಆ ಜಾಗವನ್ನೇ ಕೇಳಿದ. ಭಾನುವಾರ ಹೇಗೂ ರಜೆ, ಕೊಟ್ಟೆ.

ಪ್ರೋಗ್ರೆಸಿವ್ ರಾಕ್ ಬ್ಯಾಂಡ್ ಅಂತೆ. ಅವರ ಹಾಡಿನಲ್ಲಿ ಮಾತು ಶುರುವಾಗುವಷ್ಟರಲ್ಲಿ ನಾನೊಂದು ದಿಂಬು ತುಂಬಿ ಹೊಲಿದುಬಿಡಬಹುದು. ಹಾಡು ಅಂತ ಇದ್ದದ್ದೂ ಒಂದೇ. ಯುವರಾಜ ಕಟ್ಟಿದ್ದು, ಏಳೇಳು ಪೆಟ್ಟಿನ ತಾಳದ್ದು. ಅದನ್ನು ವೇದಿಕೆಯ ಮೇಲೆ ನಿಂತು ಒಮ್ಮೆ ಪೂರ್ತಿ ನುಡಿಸಬೇಕು ಎನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ.

ಹಾಡು ಹದಕ್ಕೆ ಬಂದಾಗಲೆಲ್ಲ ಒಬ್ಬ ಕೈಕೊಡುತ್ತಿದ್ದ. ಮೊದಲು ಬೇಸ್ ಗಿಟಾರಿನ ದಿನೇಶ್ ಮದುವೆ ಆರ್ಕೆಸ್ಟ್ರಾ ಸೇರಿದ. ಯುವರಾಜ ತನ್ನ ಗಿಟಾರ್ ಕೆಳಗಿಟ್ಟು ಬೇಸ್ ಎತ್ತಿಕೊಂಡ.

"ನಿಂದು ಯಾಕೋ ಬಿಟ್ಟೆ?"

"ಗಿಟಾರ್ ಬಾರಿಸೋರು ಗಲ್ಲಿಗೊಬ್ರು ಸಿಗ್ತಾರೆ ಅಂಕಲ್. ಬೇಸ್‌ಗೆ ಸಿಗಲ್ಲ."

ಗಿಟಾರಿಗೆ ಸಿಕ್ಕಿದವನು ಮೌನೇಶ, ರಾಯಚೂರು ಕಡೆಯವನು, ಬಿಟಿಎಂನಲ್ಲಿ ಬಾಡಿಗೆಗಿದ್ದ. ಯುವರಾಜ ತೊಡೆ ತಟ್ಟಿ 'ತಕಿಟ ತಕಧಿಮಿ' ಎಂದು ಮೊದಲಿಂದ ಕಲಿಸಿದ. ಆಮೇಲೆ ಕೀಬೋರ್ಡಿನವನು ಜಗಳವಾಡಿ ಹೋದ. ಅಷ್ಟರಲ್ಲಿ ಬೇಸ್‌ಗೆ ಯಾರೋ ಸಿಕ್ಕಿದ್ದ. ಯುವರಾಜ ಕೀಬೋರ್ಡಿಗೆ ಕೂತು ಮತ್ತೆ ತೊಡೆ ತಟ್ಟಿದ. ಕೊನೆಗೆ ಅರ್ಪಿತ ಬಂದಳು. ಅವಳು ಕೀಬೋರ್ಡ್ ಮುಟ್ಟಿದ ಮೇಲೆ ಇವನು ತಾನಾಗಿಯೇ ಎದ್ದ.

ಬಂದವರಿಗೆಲ್ಲ ಗಲ್ಲಾ ಬಿಟ್ಟುಕೊಡುವವನನ್ನು ನಾನು ವ್ಯಾಪಾರದಲ್ಲಿ ಕಂಡಿಲ್ಲ.

"ಈಗ ನೀನೇನು ಬಾರಿಸ್ತೀಯೋ?"

"ನಂಗೆ ಎಲ್ಲಾ ಬರುತ್ತಲ್ಲ ಅಂಕಲ್."

"ಅದೇ ಕಣೋ ನಿನ್ನ ರೋಗ."

ನಕ್ಕ.

ಜಯನಗರದಲ್ಲಿ ಕಾರ್ಯಕ್ರಮ ನಿಗದಿಯಾಯಿತು. ಅದರ ಹಿಂದಿನ ಭಾನುವಾರ ಮೌನೇಶ ನನ್ನೆದುರೇ ಯುವರಾಜನ ಹತ್ತಿರ ಮಾತೆತ್ತಿದ: "ಅಣ್ಣಾ, ತಪ್ಪ ತಿಳ್ಕೋಬ್ಯಾಡ. ಎಲ್ಲಾದಕ್ಕೂ ಒಬ್ಬೊಬ್ರು ಅದೀವಿ. ನೀ ಸ್ಟೇಜ್ ಮ್ಯಾಲ ಏನ್ ಹಿಡ್ಕೊಂಡು ನಿಂದರ್ತಿ?"

"ಗಿಟಾರ್ ಎರಡಿರಬಹುದಲ್ಲ ಮಗಾ?"

"ಈ ಹಾಡಿಗೆ ಒಂದ ಗಿಟಾರ್ ಸಾಕು ಅಂತ ನೀನ ಹೇಳಿದ್ದಿ."

ಹೇಳಿದ್ದ, ನಿಜ. ಯುವರಾಜ ಅರ್ಪಿತಳ ಕಡೆ ನೋಡಿದ. ಅವಳು ವೈರು ಸುತ್ತುತ್ತಲೇ ಇದ್ದಳು.

ಕಾರ್ಯಕ್ರಮದ ದಿನ ಯುವರಾಜ ಪ್ರೇಕ್ಷಕರ ನಡುವೆ ನನ್ನ ಪಕ್ಕ ಕೂತ. "ಕೊನೇ ತಿರುವಲ್ಲಿ ತಪ್ತಾರೆ, ನೋಡ್ತಿರಿ ಅಂಕಲ್. ಯಾವಾಗ್ಲೂ ಅಲ್ಲಿ ನನ್ನ ಕೈ ನೋಡ್ತಾರೆ." ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ವೇದಿಕೆಗೆ ಕಾಣಲಿ ಎಂದು ತುಸು ಎತ್ತರಿಸಿಯೇ.

ಆ ತಿರುವು ಬಂತು. ಯಾರೂ ತಪ್ಪಲಿಲ್ಲ. ಯಾರೂ ಇತ್ತ ನೋಡಲೂ ಇಲ್ಲ. ಹಾಡು ಪೂರ್ತಿಯಾಯಿತು, ಸಭಾಂಗಣ ಎದ್ದು ನಿಂತಿತು.

"ಚೆನ್ನಾಗಿ ಕಲಿಸಿದ್ದೀಯ ಕಣೋ," ಎಂದೆ.

ಅವನ ಕೈ ತೊಡೆಯ ಮೇಲೆ ಬಿದ್ದಿತ್ತು. ಚಪ್ಪಾಳೆಗೂ ಏಳಲಿಲ್ಲ.