ದೀಪ ಆರದ ಬಾವಿ

ಕಳೆದ ತಿಂಗಳು ಚನ್ನಗಿರಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ ಕರೆಂಟ್ ಹೋಯಿತು. ಛತ್ರದ ಹಿಂದುಗಡೆ ಜನರೇಟರ್ ಶುರುವಾದ ಸದ್ದು ಕೇಳಿಸಿತು, ದೀಪಗಳು ಬಂದವು, ಅವುಗಳ ಬೆನ್ನಿಗೇ ಡೀಸೆಲ್ ಹೊಗೆಯ ವಾಸನೆ ಬಂತು. ಬಡಿಸುವವರು ಎಲೆಗೆ ಪಾಯಸ ಹಾಕುತ್ತಿದ್ದರು. ನಾನು ಎದ್ದುಬಿಟ್ಟೆ. ಪಕ್ಕದವರು ನನಗೆ ಹೊಟ್ಟೆ ಸರಿಯಿಲ್ಲ ಅಂದುಕೊಂಡಿರಬೇಕು. ಹಾಗೆ ಅಂದುಕೊಂಡರೆ ಒಳ್ಳೆಯದೇ. ಆ ವಾಸನೆಯ ಕೊನೆಯಲ್ಲಿ ಒಂದು ಬಾವಿ ಇದೆ, ಬಾವಿಯ ತಳದಲ್ಲಿ ಒಂದು ಕಂದೀಲು ಉರಿಯುತ್ತಿದೆ, ಅದರ ಪಕ್ಕದಲ್ಲಿ ನಮ್ಮ ಸಾಹೇಬರು ಕೂತಿದ್ದಾರೆ ಎಂದು ಊಟದ ಪಂಕ್ತಿಯಲ್ಲಿ ಹೇಗೆ ಹೇಳುವುದು...

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮನೆಯವರು ಓದಿ, ಅವರು ಹಾಗಿರಲಿಲ್ಲ ಅನ್ನಬಹುದು. ಮನೆಯವರು ಹೇಳಿದ್ದೇ ಸರಿಯೂ ಇರಬಹುದು. ನನ್ನ ನೆನಪು ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಸಾಡಿ, ನಡುವಿನ ಸಂದಿಗೆ ಯಾವುದೋ ಮಣ್ಣು ಮೆತ್ತಿಕೊಂಡಿದೆ. ಮೆತ್ತಿದ ಜಾಗ ಗೊತ್ತಾದ ಕಡೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ಭೂಮಿಯ ಕೆಳಗಿನ ನೀರನ್ನು ಸಮೀಕ್ಷೆ ಮಾಡುವ ಒಂದು ತಾತ್ಕಾಲಿಕ ಯೂನಿಟ್ಟು ಚನ್ನಗಿರಿಯ ಬಾಡಿಗೆ ಮನೆಯೊಂದರಲ್ಲಿತ್ತು. ಸಾಹೇಬರು ಅದರ ಮುಖ್ಯಸ್ಥರು. ಅವರ ಕೈಕೆಳಗೆ ಭೂವಿಜ್ಞಾನದಲ್ಲಿ ಎಮ್ಮೆಸ್ಸಿ ಮಾಡಿದ ನಾವಿಬ್ಬರು: ನಾನು, ಮತ್ತು ಸಾಸ್ವೆಹಳ್ಳಿ ಕಡೆಯ ಒಬ್ಬ, ಬಂಗಾರದ ಪದಕ ಪಡೆದವನು. ಅವನನ್ನು ಸಾಸ್ವೆಹಳ್ಳಿಯವನು ಅಂತಲೇ ಕರೆಯುತ್ತೇನೆ. ಜೀಪಿಗೆ ಒಬ್ಬ ಡ್ರೈವರ್, ಚನ್ನಗಿರಿ ಪೇಟೆಯ ಸಾಬರವನು. ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿನ ತೆರೆದ ಬಾವಿಗಳಿಗೆ ಇಳಿದು, ಗೋಡೆಯಲ್ಲಿ ಯಾವ ಕಲ್ಲು ಎಲ್ಲಿ ಬದಲಾಗುತ್ತದೆ, ಯಾವ ಬಿರುಕಿನಲ್ಲಿ ನೀರು ಜಿನುಗುತ್ತದೆ ಎಂದು ನೋಡುವುದು ನಮ್ಮ ಕೆಲಸ.

ನಾವಿಬ್ಬರೂ ಬಂದದ್ದು ಗತ್ತಿನಿಂದ. ಓದಿದ್ದು ಹೆಚ್ಚು, ನೋಡಿದ್ದು ಕಡಿಮೆ. ಸಾಹೇಬರು ನಮ್ಮ ಗತ್ತನ್ನು ಮುರಿಯಲು ಹೋಗಲಿಲ್ಲ. ನಾವು ಹೇಳಿದ್ದನ್ನು ಪೂರ್ತಿ ಕೇಳಿ, "ಅದು ಹೆಂಗೆ ಗೊತ್ತಾಯ್ತು ಹೇಳ್ರಿ" ಅನ್ನುತ್ತಿದ್ದರು. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗಿ ತಿಳಿಯುವ ಆಸೆಯಿತ್ತು. ಉತ್ತರ ಹೇಳುತ್ತಾ ಹೇಳುತ್ತಾ ತಪ್ಪು ನಮಗೇ ಕಾಣುತ್ತಿತ್ತು. ಒಳ್ಳೆಯದು ಕಂಡಾಗ ಮಾತ್ರ ಅವರು ಜೀಪು ನಿಲ್ಲಿಸಿ ಕೆಳಗಿಳಿಯುತ್ತಿದ್ದರು. ನಾವೂ ಇಳಿಯಬೇಕು. ಎದುರು ನಿಂತು, ನಾವು ಏನು ಮಾಡಿದೆವು ಎಂಬುದನ್ನು ನಮಗೇ ಹೇಳುತ್ತಿದ್ದರು. "ಬೆಳಿಗ್ಗೆ ಆ ಕಲ್ಲು ಒದ್ದೆ ಇತ್ತು. ನೀವು ಒರೆಸಿ, ಒಣಗೋ ತನಕ ಕಾದು ನೋಡಿದ್ರಿ. ನಾನಾಗಿದ್ರೆ ಕಾಯ್ತಿರಲಿಲ್ಲ." ಅಷ್ಟೇ. ಮತ್ತೆ ಜೀಪು ಹತ್ತುತ್ತಿದ್ದರು.

ಓದಿದ ಅಷ್ಟೂ ವರ್ಷ ನಮಗೆ ಅಂಕಗಳು ಸಿಕ್ಕಿದ್ದವು. ಮಾಡಿದ್ದರಲ್ಲಿ ಯಾವುದು ಒಳ್ಳೆಯದು, ಯಾಕೆ ಒಳ್ಳೆಯದು ಎಂದು ಯಾರೂ ಹೇಳಿರಲಿಲ್ಲ. ಆ ಮಾತಿಗಾಗಿ ನಾವು ಬಿಸಿಲು ನೋಡಲಿಲ್ಲ, ಊಟ ನೋಡಲಿಲ್ಲ.

"ಸಾಹೇಬ್ರು ಹೊಗಳಿದ ದಿನ ಜೀಪು ಎಳೆಯಾಕಿಲ್ರೀ. ಎಮ್ಮೆಸ್ಸಿಯೋರು ಉಬ್ಬಿ ಭಾರ ಆಗಿರ್ತಾರೆ" ಅನ್ನುತ್ತಿದ್ದ ಡ್ರೈವರ್.

ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಬಿಡುವುದು ಅವರ ಪದ್ಧತಿ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ, ಕುಗ್ಗಿದರೂ ಇಳಿಯುವಂತಿಲ್ಲ. ಇನ್ನೊಂದು ಮಾತನ್ನು ಪ್ರತಿ ಬಾವಿಯ ದಂಡೆಯಲ್ಲೂ ಹೇಳುತ್ತಿದ್ದರು: "ಕೆಳಗೆ ಬಿದ್ದೋನನ್ನ ತರಾಕೆ ಅಂತ ಹಿಂದೇನೇ ಯಾರೂ ಇಳೀಬ್ಯಾಡ್ರಿ. ಮೊದಲು ಗಾಳಿ ಇಳೀಲಿ, ಆಮೇಲೆ ಮನುಷ್ಯ." ನಾವು ತಲೆಯಾಡಿಸುತ್ತಿದ್ದೆವು. ಬಿದ್ದವನು ಎಂದರೆ ಯಾರೋ ಒಬ್ಬ... ಅವನಿಗೆ ಮುಖವಿರಲಿಲ್ಲ.

ನ್ಯಾಮತಿ ಹತ್ತಿರದ ಒಂದು ತೋಟದಲ್ಲಿ ಸಾಸ್ವೆಹಳ್ಳಿಯವನು ಇಳಿಯಬೇಕಿತ್ತು. ದೀಪ ಆರಲಿಲ್ಲ, ತಳದಲ್ಲಿ ಒಂದಿಷ್ಟು ಕೆಂಪಗಾಯಿತು ಅಷ್ಟೇ. ಅವನು ಚಪ್ಪಲಿ ಬಿಟ್ಟವನು ಮತ್ತೆ ಹಾಕಿಕೊಂಡು, "ನಾನು ಇಳಿಯಲ್ಲ ಸರ್" ಅಂದ.

ಸುತ್ತ ಸೇರಿದ್ದವರಲ್ಲಿ ಒಬ್ಬ ನಕ್ಕ. "ಇಷ್ಟು ಓದಿದೋರು ನಮ್ಮ ಬಾವಿ ಇಳಿಯಾಕೆ ಹೆದರ್ತಾರಲ್ಲಪ್ಪ. ನಮ್ಮನೆ ಹೆಂಗಸರು ದಿನಾ ಇಳೀತಾರೆ."

"ಹಂಗಾದ್ರೆ ಹೆಂಗಸರಿಗೇ ಕೊಡ್ರಿ ಸಂಬಳಾನ" ಅಂದ ಇನ್ನೊಬ್ಬ. ಎಲ್ಲರೂ ನಕ್ಕರು. ಸಾಸ್ವೆಹಳ್ಳಿಯವನ ಕಿವಿ ಕೆಂಪಾಗಿತ್ತು.

ಸಾಹೇಬರು ಅವನ ಎದುರು ಬಂದು ನಿಂತರು. ನಕ್ಕವರಿಗೂ ಕೇಳುವ ಹಾಗೆ ಹೇಳಿದರು: "ದೀಪ ಕೆಂಪಾಗಿದ್ದು ನನಗೆ ಕಾಣಲಿಲ್ಲ. ನಿಮಗೆ ಕಾಣ್ತು. ಇಷ್ಟು ಜನ ನಗ್ತಾರೆ ಅಂತ ಗೊತ್ತಿದ್ದೂ ಇಳಿಯಲ್ಲ ಅಂದ್ರಿ. ನಿಮಗೆ ಇನ್ನ ನಾನು ಕಲಿಸಾಕೆ ಉಳಿದಿರೋದು ಕಡಿಮೆ."

ಆ ರಾತ್ರಿ ನನಗೆ ಹೊಟ್ಟೆಕಿಚ್ಚಿನಿಂದ ನಿದ್ದೆ ಬರಲಿಲ್ಲ... ಇದು ಮೆತ್ತಿದ ಮಣ್ಣು. ನಿದ್ದೆ ಬಂದಿರಬೇಕು, ಆ ವಯಸ್ಸಿನಲ್ಲಿ ಎಲ್ಲದಕ್ಕೂ ನಿದ್ದೆ ಬರುತ್ತಿತ್ತು. ಆದರೆ ಮರುದಿನದಿಂದ ನಾನು ಬೇಡ ಎನ್ನಲು ಕಾರಣ ಹುಡುಕತೊಡಗಿದ್ದು ನಿಜ. ಒಂದು ಬಾವಿಯ ದಂಡೆ ಸಡಿಲವಾಗಿದೆ ಅಂದೆ, ಇನ್ನೊಂದರ ಮೆಟ್ಟಿಲು ಪಾಚಿಗಟ್ಟಿದೆ ಅಂದೆ. ಸಾಹೇಬರಿಗೆ ತಿಳಿದುಹೋಯಿತು. ಹೊನ್ನಾಳಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ನಗುತ್ತಲೇ ಹೇಳಿದರು: "ನಿಮ್ಮನ್ನ ಹೊಗಳಾಕೆ ನನಗೆ ಹೆದರಿಕೆ ಆಗಾಕೆ ಶುರುವಾಗೈತ್ರಿ. ನಾನು ಯಾವ ಕಡೆ ಬೆರಳು ತೋರಿಸ್ತೀನೋ ಆ ಕಡೆಗೇ ಓಡ್ತೀರಲ್ಲ." ನಕ್ಕದ್ದು ಅರ್ಧಕ್ಕೆ ನಿಂತಿತು.

ಜಗಳೂರಿನ ಆ ಬಾವಿ ಶೇಂಗಾ ಹೊಲದ ನಡುವೆ ಇತ್ತು. ಯಜಮಾನರು ಅನುಕೂಲಸ್ಥರು, ಊರಿಗೆ ಮೊದಲು ಡೀಸೆಲ್ ಇಂಜಿನ್ ತಂದವರು. ನೀರು ಆಳಕ್ಕೆ ಹೋದ ಹಾಗೆಲ್ಲ ಇಂಜಿನ್ನನ್ನೂ ಕೆಳಗೆ ಇಳಿಸುತ್ತಾ ಬಂದು, ಬಾವಿಯೊಳಗೇ ಅರ್ಧ ಆಳದಲ್ಲಿ ಕಲ್ಲಿನ ಕಟ್ಟೆ ಮಾಡಿ ಕೂರಿಸಿದ್ದರು. ಆ ಕಾಲಕ್ಕೆ ಆ ಕಡೆ ಅದು ಸಾಮಾನ್ಯ. ನಾವು ಬರುತ್ತೇವೆಂದು ತಿಳಿದು, ಸಾಹೇಬರಿಗೆ ತಳದ ಕಲ್ಲು ಚೆನ್ನಾಗಿ ಕಾಣಲಿ ಎಂದು, ಬೆಳಕು ಹರಿಯುವ ಮೊದಲೇ ಇಂಜಿನ್ ಹಚ್ಚಿ ನೀರು ಪೂರ್ತಿ ಎತ್ತಿಸಿದ್ದರು. ನಮ್ಮ ಜೀಪಿನ ಧೂಳು ಕಂಡ ಮೇಲೆ ಆಫ್ ಮಾಡಿಸಿದರಂತೆ.

ಸಾಹೇಬರು ದಂಡೆಗೆ ಬಂದು ಬಗ್ಗಿ ನೋಡಿ, ನಮ್ಮ ಎದುರು ನಿಲ್ಲುತ್ತಿದ್ದಂತೆಯೇ ಯಜಮಾನರ ಎದುರು ನಿಂತರು. "ಎಷ್ಟೋ ಬಾವಿ ನೋಡೀನ್ರಿ. ನಾನು ಬರೋದ್ರೊಳಗೆ ತಳ ತೋರಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ನಿಮಗೆ ಹೊಳೀತು." ಯಜಮಾನರು ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಹಾಕಿಕೊಂಡರು.

ಕಂದೀಲು ಇಳಿಸಿದೆವು. ದೀಪ ನೆಟ್ಟಗೆ, ಹಳದಿಯಾಗಿ ಉರಿಯಿತು. ಅವತ್ತು ಇಳಿಯುವ ಸರದಿ ನನ್ನದು. ಸಾಸ್ವೆಹಳ್ಳಿಯವನು ಈಗಲೂ ಫೋನಿನಲ್ಲಿ ತನ್ನದಿತ್ತು ಅನ್ನುತ್ತಾನೆ. ಇಬ್ಬರಲ್ಲಿ ಒಬ್ಬನ ನೆನಪು ತಪ್ಪು. ಎರಡೂ ತಪ್ಪಿರಬಹುದು. ಸಾಹೇಬರು, "ಇಷ್ಟು ಕಷ್ಟಪಟ್ಟು ತೋರಿಸ್ಯಾರೆ, ಇದನ್ನ ನಾನೇ ನೋಡ್ಬೇಕ್ರಿ" ಅಂದದ್ದರಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿಲ್ಲ. ಒಳ್ಳೆಯ ಮೆಟ್ಟಿಲುಗಳಿದ್ದವು, ಹಾಗಾಗಿ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲಿಲ್ಲ. ಡೀಸೆಲ್ ವಾಸನೆ ಮೇಲಿನವರೆಗೂ ಇತ್ತು. ಇಂಜಿನ್ ಇದ್ದ ಬಾವಿಯಲ್ಲಿ ಅದಲ್ಲದೆ ಇನ್ನೇನು ವಾಸನೆ ಬರಬೇಕು?

ತಳ ಮುಟ್ಟಿ ಸುತ್ತಿಗೆಯಿಂದ ತಟ್ಟಿದರು. ಏನೋ ಕೂಗಿ ಹೇಳಿದರು, ನಾನು ಬರೆದುಕೊಂಡೆ. ಮತ್ತೆ ತಟ್ಟಿದರು. ಆಮೇಲೆ ಸದ್ದು ನಿಂತಿತು. ಬಗ್ಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದರು, ಕಲ್ಲನ್ನು ಹತ್ತಿರದಿಂದ ನೋಡುವವರ ಹಾಗೆ. ಕೂಗಿದೆವು. ತಲೆ ಎತ್ತಲಿಲ್ಲ. ಪಕ್ಕದಲ್ಲೇ ಕಂದೀಲು ಉರಿಯುತ್ತಿತ್ತು.

ಯಜಮಾನರು ಮೆಟ್ಟಿಲಿಗೆ ಕಾಲಿಟ್ಟುಬಿಟ್ಟಿದ್ದರು. ಸಾಸ್ವೆಹಳ್ಳಿಯವನು ಅವರ ರಟ್ಟೆ ಹಿಡಿದ, ನಾನು ಇನ್ನೊಂದನ್ನು ಹಿಡಿದೆ.

"ಬಿಡ್ರೀ ನನ್ನ. ದೀಪ ಉರೀತೈತಲ್ರೀ. ಏನಾಗಿಲ್ಲ, ಬಿಸಿಲಿಗೆ ತಲೆ ಸುತ್ತೈತೆ ಅಷ್ಟೆ."

"ಯಾರೂ ಇಳೀಬಾರ್ದು."

"ನಿಮ್ಮ ಸಾಹೇಬ್ರು ಕಣ್ರೀ ಅವರು. ನಿಮಗೆ ಅನ್ನ ಹಾಕಿದೋರು."

"ಯಾರೂ ಇಳೀಬಾರ್ದು" ಅಂದ ಸಾಸ್ವೆಹಳ್ಳಿಯವನು ಮತ್ತೆ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಸಡಿಲವಾಗಲಿಲ್ಲ. ಓಡಿಬಂದ ಇಬ್ಬರು ಆಳುಗಳು ನುಗ್ಗಲು ನೋಡಿದರು. ಡ್ರೈವರ್ ಅವರಿಗೆ ಅಡ್ಡ ನಿಂತು, ಕುರಿ ಕಾಯುತ್ತಿದ್ದವರನ್ನು ಕೂಗಿ ಅವರ ಕಂಬಳಿಗಳನ್ನು ಈಸಿಕೊಂಡ. ಅವನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಇಳಿಸುವುದು, ಎಳೆಯುವುದು, ಇಳಿಸುವುದು... ಗಾಳಿ ಇಳಿಯಬೇಕಿತ್ತು. ಗಾಳಿ ಇಳಿಯುವವರೆಗೆ ನಾವು ಅವರನ್ನು ನೋಡುತ್ತಾ ನಿಂತಿದ್ದೆವು. ಕೊನೆಗೆ ಡ್ರೈವರ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅವರನ್ನು ಮೇಲೆ ತಂದ. ಕಂದೀಲನ್ನು ಅಲ್ಲೇ ಬಿಟ್ಟು ಬಂದಿದ್ದ. ಅದು ಇನ್ನೂ ಉರಿಯುತ್ತಿತ್ತು. ಸಾಹೇಬರು ಹೋಗಿಬಿಟ್ಟಿದ್ದರು.

ಉಸಿರಾಡುವ ಗಾಳಿ ಕಡಿಮೆಯಾದರೆ ದೀಪ ಹೇಳುತ್ತದೆ. ಇಂಜಿನ್ ಹೊಗೆಯಲ್ಲಿನ ವಿಷವನ್ನು ದೀಪ ಹೇಳುವುದಿಲ್ಲ. ಅದು ನಾವು ಮೂವರೂ ಕಾಲೇಜಿನಲ್ಲಿ ಓದಿದ್ದ ಪಾಠವೇ. ಅಷ್ಟು ಬಾವಿಗಳಲ್ಲಿ ದೀಪ ನಿಜ ಹೇಳಿತ್ತು, ಅದಕ್ಕೇ ಪಾಠ ನೆನಪಾಗಲಿಲ್ಲ. ಅವತ್ತು ಹಿಂದೆಯೇ ಇಳಿದಿದ್ದರೆ ಯಜಮಾನರು, ಅವರ ಆಳುಗಳು, ನಾವು, ಒಬ್ಬರ ಮೇಲೊಬ್ಬರು ಅದೇ ತಳದಲ್ಲಿ ಬೀಳುತ್ತಿದ್ದೆವು ಎಂದು ಜಗಳೂರಿನ ಡಾಕ್ಟರು ಹೇಳಿದರು. ಊರಿನವರು ಬೇರೆ ಹೇಳಿದರು. ಅಷ್ಟು ಓದಿದವರು ದಂಡೆಯ ಮೇಲೆ ನಿಂತು ನೋಡಿದರು ಅಂದರು. ಎರಡೂ ನಿಜ.

ಯಜಮಾನರು ಬೇವಿನ ಮರದ ಕೆಳಗೆ ಕೂತು ಸಂಜೆಯವರೆಗೂ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಿಮಗೆ ಹೊಳೀತು ಅಂದ್ರಪ್ಪ ನನಗೆ. ನಿಂತ್ಕೊಂಡು ಹೇಳಿದ್ರು."

ಸಾಹೇಬರ ಜಾಗಕ್ಕೆ ಬಂದವರು ನಮ್ಮನ್ನು ಬೈಯಲೂ ಇಲ್ಲ, ಸರಿ ಮಾಡಿದಿರಿ ಅನ್ನಲೂ ಇಲ್ಲ. ಹೇಳಬೇಕಾಗಿದ್ದವರು ಒಬ್ಬರೇ. ಜೀಪು ನಿಲ್ಲಿಸಿ, ಇಳಿದು, ಎದುರು ನಿಂತು, ನೀವು ಯಜಮಾನರ ರಟ್ಟೆ ಬಿಡಲಿಲ್ಲ ಎಂದು ಹೇಳಬಲ್ಲವರು... ಸಾಸ್ವೆಹಳ್ಳಿಯವನು ಆ ವರ್ಷವೇ ಕೆಲಸ ಬಿಟ್ಟು ಹೊನ್ನಾಳಿಯಲ್ಲಿ ಮೇಷ್ಟ್ರಾದ. ನಾನು ಉಳಿದೆ, ಮೇಲೇರಿದೆ, ನನಗಿಂತ ಹೆಚ್ಚು ಓದಿದ ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿದೆ. ಅವರ ಕೆಲಸ ಚೆನ್ನಾಗಿದ್ದಾಗ ವೆರಿ ಗುಡ್ ಅನ್ನುತ್ತಿದ್ದೆ. ಅಷ್ಟೇ ಅನ್ನುತ್ತಿದ್ದೆ. ವೆರಿ ಗುಡ್ ಎಂಬ ಮಾತನ್ನು ನಂಬಿ ಯಾರೂ ಬಾವಿಗೆ ಇಳಿಯುವುದಿಲ್ಲ.

ಮದುವೆ ಊಟದ ಪಂಕ್ತಿಯಿಂದ ಎದ್ದವನು ಛತ್ರದ ಹಿಂದೆ ಹೋಗಿ ನೋಡಿದೆ. ಜನರೇಟರನ್ನು ಅಡುಗೆಮನೆಗೆ ಅಂಟಿದ ಉಗ್ರಾಣದೊಳಗೆ ಇಟ್ಟು ಬಾಗಿಲು ಮುಂದೆ ಮಾಡಿದ್ದರು. ಒಳಬಾಗಿಲಿನಿಂದ ಅಡುಗೆಯವರು ಓಡಾಡುತ್ತಿದ್ದರು. ಜನರೇಟರಿನವನು ನನ್ನನ್ನು ನೋಡಿ ಹೆಮ್ಮೆಯಿಂದ, "ಸೌಂಡ್ ಬರಬಾರ್ದು ಅಂತ ಒಳಗೇ ಇಟ್ಟೀನಿ ಸರ್, ಮಂತ್ರ ಕೇಳಬೇಕಲ್ಲ" ಅಂದ.

ನಾನು ಏನು ಹೇಳಿದೆನೋ, ಎಷ್ಟು ಜೋರಾಗಿ ಹೇಳಿದೆನೋ. ಅವನು ತಕ್ಷಣ ಆಫ್ ಮಾಡಿದ. ಛತ್ರ ಕತ್ತಲಾಯಿತು. ಒಳಗಿನಿಂದ ಯಾರೋ ಬೈದರು. ಅವನು ಬೈಗುಳ ಕೇಳಿಸಿಕೊಳ್ಳುತ್ತಲೇ ಅಡುಗೆಯವರನ್ನು ಹೊರಗೆ ಕಳಿಸಿ, ಬಾಗಿಲುಗಳನ್ನೆಲ್ಲ ತೆರೆದು, ಆ ಭಾರವನ್ನು ಇನ್ನೊಬ್ಬನ ಜೊತೆ ಬಯಲಿಗೆ ಎಳೆದು ತಂದು ಮತ್ತೆ ಹಚ್ಚಿದ. ದೀಪಗಳು ಬಂದವು. ಬೆವರು ಒರೆಸಿಕೊಂಡು ನನ್ನ ಮುಖ ನೋಡಿದ. ಆ ನೋಟ ನನಗೆ ಗೊತ್ತು, ಅದನ್ನು ನಾನೂ ಸಾಹೇಬರ ಮುಖಕ್ಕೆ ಹೀಗೆಯೇ ಹಿಡಿದವನು.

ಹೇಳಬೇಕಾದ್ದೆಲ್ಲ ನಾಲಿಗೆಯ ಮೇಲಿತ್ತು. ಬೈದರೂ ನೀವು ನಿಲ್ಲಲಿಲ್ಲ, ಯಂತ್ರಕ್ಕಿಂತ ಮೊದಲು ಜನರನ್ನು ಹೊರಗೆ ಕಳಿಸಿದಿರಿ... ಸಾಹೇಬರ ಹಾಗೆ ಅವನ ಎದುರು ಹೋಗಿ ನಿಂತೆ. ಹೊಗೆಯ ವಾಸನೆ ಇನ್ನೂ ಗಾಳಿಯಲ್ಲಿತ್ತು.

"ವೆರಿ ಗುಡ್" ಅಂದೆ.

ಅವನು ತಲೆಯಾಡಿಸಿ ಆಚೆ ತಿರುಗಿದ.