ಹಗೇವಿನೊಳಗಿನ ಸೋಮನಿಂಗ

ಹುಚ್ಚವ್ವನ ಮನೆತನದ ಮೂಲಪುರುಷ ರೇವಣಪ್ಪ. ದಂಡಿನ ಕುದುರೆಗಳು ಊರೂರು ಸುಲಿಯುತ್ತ ಇಂಗಳೇಶ್ವರದ ಕಡೆ ಹೊರಳಿದಾಗ ಅವನು ಮನೆಯ ಜೋಳವನ್ನೆಲ್ಲ ಅಂಗಳದ ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ಸುರಿದ. ಕಾಳು ಹರವಲು ಒಳಗಿಳಿದ ತಮ್ಮ ಸೋಮನಿಂಗ ಮೇಲೇರುವ ಮುಂಚೆಯೇ ಧೂಳೆದ್ದಿತು. ರೇವಣಪ್ಪ ಹಗೇವಿನ ಬಾಯಿಗೆ ಕಲ್ಲೆಳೆದು ಮಣ್ಣು ಮೆತ್ತಿದ. ದಂಡಿನವರು ಬಡಿದು ಕೇಳಿದರೂ ಜಾಗ ತೋರಿಸದೆ ಸತ್ತ.

ದಂಡಿಗೆ ಹೆದರಿ ಅಡವಿಗೆ ಓಡಿದ್ದ ಅವನ ಮಗ ಯಲ್ಲಾಲಿಂಗ ಮರಳಿದಾಗ ತಿಂಗಳು ಕಳೆದಿತ್ತು. ಹಗೇವಿನ ಕೆಟ್ಟ ಗಾಳಿಯಲ್ಲಿ ಮನುಷ್ಯ ಒಂದು ಗಳಿಗೆ ಬದುಕಲಾರ. ಆದರೂ ಒಳಗಿನಿಂದ ದನಿ ಬಂತು: "ದಂಡು ಹೋತೇನು?" ಯಲ್ಲಾಲಿಂಗ, ಇನ್ನೂ ಹೋಗಿಲ್ಲ ಅಂದ. ದನಿ ಸುಮ್ಮನಾಯಿತು. ಅಂದಿನಿಂದ ದಿನಾ ದೀಪ ಹಚ್ಚುವ ಹೊತ್ತಿಗೆ ಅದೇ ಪ್ರಶ್ನೆ, ಅದೇ ಉತ್ತರ. ಒಳಗಿದ್ದವನು ಹೊರಗೆ ಬರಬಾರದು, ಅಷ್ಟೇ.

ಆ ಕೆಲಸ ಈಗ ಹುಚ್ಚವ್ವನದು. ಬಾಗೇವಾಡಿಯ ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಈ ವಿಧವೆಗೆ ಅದೇನು ದೊಡ್ಡ ಭಾರವೆನಿಸಿರಲಿಲ್ಲ. ಎಮ್ಮೆಗೆ ನೀರಿಟ್ಟಂತೆ ಉತ್ತರ ಕೊಟ್ಟು ಒಳಗೆ ಹೋಗುತ್ತಿದ್ದಳು.

ಶಾಲೆಯ ಸೂಟಿಗೆಂದು ಮುದ್ದೇಬಿಹಾಳದಿಂದ ಮೊಮ್ಮಗಳು ರಾಜಶ್ರೀ ಬಂದಿದ್ದಳು. ಒಂದು ಸಂಜೆ ಹುಚ್ಚವ್ವನ ಕೈ ಹಿಟ್ಟಿನಲ್ಲಿತ್ತು. ಹಗೇವಿನಲ್ಲಿ ಒಬ್ಬ ಅಜ್ಜ ಇದ್ದಾನೆ, ಕೇಳಿದರೆ ಇನ್ನೂ ಹೋಗಿಲ್ಲ ಅಂತ ಹೇಳಿ ಬಾ ಎಂದು ಹುಡುಗಿಯನ್ನು ಕಳಿಸಿದಳು. ರಾಜಶ್ರೀ ಹೇಳಿದ್ದನ್ನು ತಪ್ಪದೆ ಹೇಳಿದಳು. ಆದರೆ ಹಿರಿಯರು ಯಾರೇ ಎದುರಾದರೂ ಈ ಸೀಮೆಯ ಮಕ್ಕಳು ಕೇಳುವ ಮಾತನ್ನೂ ಕೂಡಿಸಿದಳು.

"ಅಜ್ಜಾ, ಊಟ ಆತೇನ್ರಿ?"

ಇಷ್ಟು ತಲೆಮಾರಿನಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ. ಒಳಗಿನ ಕಾಳು ತೀರಿ ಎಷ್ಟು ಕಾಲವಾಗಿತ್ತೋ. ಆಮೇಲೆ ಮಣ್ಣು ಬಿರಿಯಿತು, ಕಲ್ಲು ವಾಲಿತು. ಸಂದಿಯಿಂದ ಜೋಳದ ದಂಟಿನಂಥ ಕೈಯೊಂದು ಬಂದು ಹುಡುಗಿಯ ಕಾಲು ಹಿಡಿಯಿತು.

"ಇಲ್ಲವ್ವಾ," ಅಂದಿತು ದನಿ. "ಆಗಿಲ್ಲ."

ಹುಚ್ಚವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ತನ್ನ ಎಡಗೈಯನ್ನು ಮೊಣಕೈತನಕ ಸಂದಿಗೆ ತುರುಕಿದಳು.

"ಆ ಹುಡುಗಿ ಮೈಯಾಗ ಏನೈತಿ, ಬರೇ ಎಲುಬು. ನನ್ನ ಹಿಡಿ."

ಹುಡುಗಿಯ ಕಾಲು ಬಿಟ್ಟು ಆ ಕೈ ಹುಚ್ಚವ್ವನ ಮಣಿಕಟ್ಟನ್ನು ಹಿಡಿಯಿತು. ಬೆರಳ ತುದಿಯಿಂದ ಅವಳ ತೋಳು ತಣ್ಣಗಾಗುತ್ತ ಬಂತು. ರಾಜಶ್ರೀ ತಂದಿಟ್ಟ ಬುಟ್ಟಿಯಿಂದ ಹುಚ್ಚವ್ವ ಬಲಗೈಯಲ್ಲಿ ಒಂದೊಂದೇ ರೊಟ್ಟಿಯನ್ನು ಕತ್ತಲೆಗೆ ಬಿಡುತ್ತ ಹೋದಳು. ಪ್ರತಿ ರೊಟ್ಟಿಗೂ ಕೆಳಗೆ ಅಗಿಯುವ ಸದ್ದು. ಬುಟ್ಟಿಯ ತಳ ಕಾಣುವ ಹೊತ್ತಿಗೆ ಅವಳ ತೋಳು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಪಕ್ಕದ ಮನೆಯಿಂದ ಹುಚ್ಚವ್ವನ ತಮ್ಮ ಶ್ರೀಶೈಲ ಕಬ್ಬಿಣದ ಹಾರೆ ಹಿಡಿದು ಬಂದ. ಆ ಕೈ ಮುರಿದು ಅಕ್ಕನನ್ನು ಬಿಡಿಸುತ್ತೇನೆ, ನಾಳೆಯೇ ಕಾಂಕ್ರೀಟು ಸುರಿದು ಹಗೇವು ಮುಚ್ಚಿಸುತ್ತೇನೆ ಅಂದ. ಹುಚ್ಚವ್ವ ತಲೆಯೆತ್ತಲಿಲ್ಲ.

"ಹಾರಿ ಕೆಳಗಿಡೋ. ಉಣ್ಣಾವನ ಕೈ ಮುರೀತಿಯೇನು? ಹೊಟ್ಟಿ ತುಂಬಿದ್ರ ತಾನ ಬಿಡ್ತಾನ. ತುಂಬದಿದ್ರ ಹೋಗೂ ಕೈ ನಂದು, ನಿಂದಲ್ಲ. ನೀ ಹುಡುಗೀನ ಕರಕೊಂಡು ಒಳಗ ನಡಿ."